ಲೋಹದ ಕಣ ಚಿಕ್ಕದಾದಷ್ಟೂ ಹೊಗೆ ಜಾಸ್ತಿ ಶುದ್ಧ ಆಗುತ್ತಾ? ಪ್ಲಾಟಿನಂ, ರೋಡಿಯಂ, ಚಿನ್ನದ ಗಾತ್ರದ ಬಗ್ಗೆ ಒಂದು ಚರ್ಚೆ

ಕೆಮಿಸ್ಟ್ರಿಮೇಡಂ_ಹಾಸನ

ನಮಸ್ಕಾರ ಎಲ್ಲರಿಗೂ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ವೇಗವರ್ಧಕದ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಅಧ್ಯಾಯದಲ್ಲಿ ಒಂದು ಮಾತನ್ನು ನಾವೆಲ್ಲ ಹೇಳಿಕೊಂಡೇ ಬಂದಿದ್ದೇವೆ. ಲೋಹವನ್ನು ಪುಡಿ ಮಾಡಿದಷ್ಟೂ ಮೇಲ್ಮೈ ಜಾಸ್ತಿ, ಮೇಲ್ಮೈ ಜಾಸ್ತಿ ಆದಷ್ಟೂ ಕ್ರಿಯೆಯ ವೇಗ ಜಾಸ್ತಿ. ಉದಾಹರಣೆಗೆ ಕಾರಿನ ಹೊಗೆ ಶುದ್ಧ ಮಾಡುವ ಡಬ್ಬಿ, ಕ್ಯಾಟಲಿಟಿಕ್ ಕನ್ವರ್ಟರ್. ಅಲ್ಲಿಗೆ ಪಾಠ ಮುಗಿಯುತ್ತದೆ.

ಈ ವರ್ಷ ಒಬ್ಬಳು ಹುಡುಗಿ ಎದ್ದು ಕೇಳಿದಳು: "ಹಾಗಾದ್ರೆ ಪ್ಲಾಟಿನಂ ಅನ್ನು ಒಂದೊಂದೇ ಪರಮಾಣುವಾಗಿ ಬಿಡಿಸಿ ಹರಡಿಬಿಟ್ಟರೆ ಎಲ್ಲಕ್ಕಿಂತ ಒಳ್ಳೇದಲ್ವಾ ಮೇಡಂ? ಯಾಕೆ ಹಾಗೆ ಮಾಡಲ್ಲ?" ತುಂಬಾ ಒಳ್ಳೆಯ ಪ್ರಶ್ನೆ. ಸುಮ್ನೆ "ಅದು ಕಷ್ಟ ಕಣಮ್ಮಾ" ಅಂತ ಹೇಳಿ ಕೂರಿಸಲು ಮನಸ್ಸಾಗಲಿಲ್ಲ. ಇಲ್ಲಿ ಈ ಕೆಲಸದಲ್ಲೇ ಇರುವವರು ಕೆಲವರಿದ್ದೀರಿ. ವಿಷಾನಿಲಗಳ ವಿಷಯದಲ್ಲಿ ಕಣದ ಗಾತ್ರ ನಿಜವಾಗಿ ಏನು ಮಾಡುತ್ತದೆ? ಹದಿನೇಳರ ಮಕ್ಕಳಿಗೆ ತಿಳಿಯುವ ಹಾಗೆ ಹೇಳಿ. ಆದರೆ ಸುಲಭ ಮಾಡಲು ಹೋಗಿ ಸುಳ್ಳು ಸೇರಿಸಬೇಡಿ.

ಗಾಜಿನ_ನಳಿಕೆ

ಮೇಡಂ, ಆ ಹುಡುಗಿಗೆ ನನ್ನ ಕಡೆಯಿಂದಲೂ ಶಹಬ್ಬಾಸ್ ಹೇಳಿ. ನಾನು ಪಿಎಚ್‌ಡಿ ಮಾಡಿದ್ದು ಇದೇ ವಿಷಯದಲ್ಲಿ. ಅವಳ ಪ್ರಶ್ನೆಗೆ ದೊಡ್ಡ ದೊಡ್ಡ ಪ್ರಯೋಗಾಲಯಗಳು ಇವತ್ತಿಗೂ ಉತ್ತರ ಹುಡುಕುತ್ತಿವೆ.

ಮೊದಲು ಮೇಲ್ಮೈ ಲೆಕ್ಕ. ನೀವು ಹೇಳಿಕೊಡುವ ಮಾತು ಸುಳ್ಳಲ್ಲ. 1 ಗ್ರಾಂ ಪ್ಲಾಟಿನಂ ತೆಗೆದುಕೊಳ್ಳಿ. ಸಾಂದ್ರತೆ ಘನ ಸೆಂಟಿಮೀಟರಿಗೆ 21.45 ಗ್ರಾಂ. ಒಂದೇ ಗಟ್ಟಿ ಘನವಾಗಿ ಇಟ್ಟರೆ ಬದಿ ಸುಮಾರು 3.6 ಮಿಲಿಮೀಟರ್. ಆರೂ ಮುಖ ಸೇರಿಸಿದರೂ 1 ಚದರ ಸೆಂಟಿಮೀಟರ್ ಆಗುವುದಿಲ್ಲ. ಅದೇ ಒಂದು ಗ್ರಾಂ 2.5 ನ್ಯಾನೋಮೀಟರಿನ (ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು) ಗುಂಡುಗಳಾದರೆ ಮೇಲ್ಮೈ ಸುಮಾರು 112 ಚದರ ಮೀಟರ್. ಅಂದರೆ ಬೆಂಗಳೂರಿನ ಒಂದು 30-40 ಸೈಟಿನಷ್ಟು. 25 ನ್ಯಾನೋಮೀಟರಿನ ಗುಂಡುಗಳಾದರೆ 11 ಚದರ ಮೀಟರ್. ಸೈಟು ಹೋಗಿ ಒಂದು ಕೋಣೆ ಉಳಿಯಿತು. ಲೋಹ ಒಂದು ಮಿಲಿಗ್ರಾಂ ಕೂಡ ಕಡಿಮೆ ಆಗಿಲ್ಲ. ಆರನ್ನು ಸಾಂದ್ರತೆ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿದರೆ ಈ ಉತ್ತರ ಬರುತ್ತದೆ. ಮಕ್ಕಳ ಕೈಯಲ್ಲೇ ಮಾಡಿಸಿ, ಖುಷಿಪಡುತ್ತಾರೆ.

ಇನ್ನು ನಿಜವಾದ ವಿಷಯ. ಕಣ ಚಿಕ್ಕದಾದಾಗ ಮೇಲ್ಮೈ ಹೆಚ್ಚುವುದರ ಜೊತೆಗೆ ಆ ಮೇಲ್ಮೈಯ ಗುಣವೂ ಬದಲಾಗುತ್ತದೆ. ಪ್ಲಾಟಿನಂ ತುಂಡಿನ ಒಳಗಿರುವ ಪರಮಾಣುವಿನ ಸುತ್ತ 12 ಪರಮಾಣುಗಳು ಅಂಟಿಕೊಂಡಿರುತ್ತವೆ. ಚಪ್ಪಟೆ ಮುಖದ ಮೇಲಿದ್ದರೆ 9 ಅಥವಾ 8. ಅಂಚಿನಲ್ಲಿದ್ದರೆ 7. ಮೂಲೆಯಲ್ಲಿದ್ದರೆ 6 ಅಥವಾ ಇನ್ನೂ ಕಡಿಮೆ. 13 ಪರಮಾಣುಗಳ ಒಂದು ಪುಟ್ಟ ಗುಂಪಿನಲ್ಲಿ 12 ಹೊರಗೇ ಇರುತ್ತವೆ. ಅದರ ಮೇಲೆ ಇನ್ನೊಂದು ಪದರ ಸುತ್ತಿದರೆ ಒಟ್ಟು 55, ಹೊರಗಿರುವುದು 42. ಮತ್ತೊಂದು ಪದರ ಸುತ್ತಿದರೆ 147, ಹೊರಗಿರುವುದು 92. ಕಣ ಬೆಳೆದ ಹಾಗೆ ಚಪ್ಪಟೆ ಜಾಗ ಹೆಚ್ಚುತ್ತದೆ, ಅಂಚು ಮೂಲೆಗಳ ಪಾಲು ಇಳಿಯುತ್ತದೆ.

ಸುತ್ತ ಜೊತೆಗಾರರು ಕಡಿಮೆ ಇರುವ ಪರಮಾಣು ಬಂದ ಅನಿಲವನ್ನು ಜಾಸ್ತಿ ಬಿಗಿಯಾಗಿ ಹಿಡಿಯುತ್ತದೆ. ಬಿಗಿಯಾಗಿ ಹಿಡಿದರೆ ಒಳ್ಳೇದು ಅಂತ ಎಲ್ಲ ಸಲವೂ ಹೇಳಲು ಆಗುವುದಿಲ್ಲ. ಹಿಡಿಯಬೇಕು, ಕೆಲಸ ಆದಮೇಲೆ ಬಿಡಬೇಕು. ಬಿಡದಿದ್ದರೆ ಆ ಜಾಗಕ್ಕೆ ಮುಂದಿನ ಅಣು ಬರುವ ಹಾಗಿಲ್ಲ. ಫ್ರಾನ್ಸಿನ ಪಾಲ್ ಸಬಾಟಿಯೇ ನೂರು ವರ್ಷಕ್ಕೂ ಹಿಂದೆ ಹೇಳಿದ ತತ್ವ ಇದೇ.

ಹಾಗಾಗಿ "ಚಿಕ್ಕದು ಒಳ್ಳೇದಾ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ಅನಿಲಕ್ಕೆ? ಮತ್ತೆ ಲೆಕ್ಕ ಒಂದು ಗ್ರಾಂ ಲೋಹಕ್ಕಾ, ಮೇಲ್ಮೈಯ ಒಂದು ಪರಮಾಣುವಿಗಾ? ಗ್ರಾಂ ಲೆಕ್ಕದಲ್ಲಿ ಚಿಕ್ಕದು ಗೆದ್ದು, ಪರಮಾಣುವಿನ ಲೆಕ್ಕದಲ್ಲಿ ಸೋಲುವುದು ಸಾಮಾನ್ಯ. ಮೇಲ್ಮೈಯ ಒಂದು ಪರಮಾಣು ಒಂದು ಸೆಕೆಂಡಿನಲ್ಲಿ ಎಷ್ಟು ಅಣುಗಳನ್ನು ಬದಲಿಸಿ ಕಳಿಸುತ್ತದೆ ಅನ್ನುವುದಕ್ಕೆ ನಾವು ಟರ್ನೋವರ್ ಅನ್ನುತ್ತೇವೆ. 1960ರ ದಶಕದಲ್ಲಿ ಮಿಶೆಲ್ ಬೂಡಾರ್ ಅನ್ನುವ ವಿಜ್ಞಾನಿ ಈ ಲೆಕ್ಕ ಹಿಡಿದು ಕ್ರಿಯೆಗಳನ್ನು ಎರಡು ಗುಂಪು ಮಾಡಿದರು. ಕೆಲವಕ್ಕೆ ಗಾತ್ರ ಬದಲಾದರೂ ಟರ್ನೋವರ್ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಕೆಲವಕ್ಕೆ ಗಾತ್ರ ಬದಲಾದರೆ ಎಲ್ಲವೂ ಬದಲಾಗುತ್ತದೆ.

ಬೆಳಗಿನ_ಚಹಾ

ಓದಿದೆ, ಚೆನ್ನಾಗಿದೆ. ಆದರೂ ಒಂದು ಮಾತು. ಕೊನೆಗೆ ಕಂಪನಿಗಳು ಗ್ರಾಂ ಲೆಕ್ಕದಲ್ಲಿ ಪ್ಲಾಟಿನಂ ಕೊಳ್ಳುತ್ತವೆ. ಟರ್ನೋವರ್ ಲೆಕ್ಕ ಯಾರಿಗೆ ಬೇಕು? ಗ್ರಾಂ ಲೆಕ್ಕದಲ್ಲಿ ಚಿಕ್ಕದೇ ಗೆಲ್ಲುವುದಾದರೆ ಪಠ್ಯಪುಸ್ತಕದ ಮಾತು ಸಾಕಲ್ವಾ?

ತುಂಗಾತೀರ

ಸಾಕಾಗಲ್ಲ ಅನ್ನುವುದಕ್ಕೆ ಚಿನ್ನವೇ ಸಾಕ್ಷಿ. ನಾನು ಎಂಎಸ್ಸಿ ಓದುತ್ತಿದ್ದೇನೆ, ನನ್ನ ಸೆಮಿನಾರ್ ವಿಷಯ ಇದೇ ಆಗಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಚಿನ್ನ ಅಂದರೆ ಯಾವುದಕ್ಕೂ ಬಗ್ಗದ ಲೋಹ. ಗಾಳಿ, ನೀರು, ಬೆವರು ಯಾವುದೂ ಅದಕ್ಕೆ ತಾಗುವುದಿಲ್ಲ. ಅದಕ್ಕೇ ಅಲ್ವಾ ನಾವು ಒಡವೆ ಮಾಡಿಸುವುದು? ವೇಗವರ್ಧಕವಾಗಿ ಅದು ಕೆಲಸಕ್ಕೆ ಬರುವುದಿಲ್ಲ ಅಂತಲೇ ಬಹಳ ಕಾಲ ನಂಬಿದ್ದರು. 1987ರಲ್ಲಿ ಜಪಾನಿನ ಒಸಾಕಾದಲ್ಲಿ ಮಸಾತಾಕೆ ಹರೂತಾ ಮತ್ತು ಅವರ ತಂಡ ಒಂದು ಪ್ರಬಂಧ ಬರೆದರು. ಕಬ್ಬಿಣ, ಕೋಬಾಲ್ಟ್, ನಿಕಲ್ ಆಕ್ಸೈಡ್‌ಗಳ ಮೇಲೆ ಚಿನ್ನವನ್ನು ಕೆಲವೇ ನ್ಯಾನೋಮೀಟರಿನ ಕಣಗಳಾಗಿ ಕೂರಿಸಿದ್ದರು. ಆ ಚಿನ್ನ ಕಾರ್ಬನ್ ಮಾನಾಕ್ಸೈಡನ್ನು ಸೊನ್ನೆಗಿಂತ 70 ಡಿಗ್ರಿ ಕೆಳಗೂ ಕಾರ್ಬನ್ ಡೈಆಕ್ಸೈಡ್ ಮಾಡುತ್ತಿತ್ತು. ಪ್ಲಾಟಿನಂ ಈ ಕೆಲಸಕ್ಕೆ ಸಾಮಾನ್ಯವಾಗಿ ನೂರು ಡಿಗ್ರಿಗಿಂತ ಹೆಚ್ಚು ಶಾಖ ಕೇಳುತ್ತದೆ.

ಇಲ್ಲಿ ಮೇಲ್ಮೈ ಲೆಕ್ಕ ಕೈಕೊಡುತ್ತದೆ. 30 ನ್ಯಾನೋಮೀಟರಿನ ಚಿನ್ನಕ್ಕೂ ಮೇಲ್ಮೈ ಇದೆ, ಆದರೆ ಕೆಲಸ ಇಲ್ಲ ಅನ್ನುವಷ್ಟು ಕಡಿಮೆ. 5 ನ್ಯಾನೋಮೀಟರಿಗಿಂತ ಕೆಳಗೆ ಬಂದಾಗ ಚುರುಕಾಗುತ್ತದೆ. ಬೆಳಗಿನ ಚಹಾ ಅವರೇ, ಮೇಲ್ಮೈ ಆರು ಪಟ್ಟು ಜಾಸ್ತಿ ಆಗಿದ್ದಕ್ಕೆ ವೇಗ ಆರು ಪಟ್ಟು ಏರಿದ್ದರೆ ನಿಮ್ಮ ಮಾತು ಸರಿ. ಏರಿಕೆ ಅದಕ್ಕಿಂತ ಎಷ್ಟೋ ಜಾಸ್ತಿ.

1998ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಡಿ. ವೇಯ್ನ್ ಗುಡ್‌ಮನ್ ಅವರ ತಂಡ ಟೈಟಾನಿಯಂ ಡೈಆಕ್ಸೈಡ್ ಮೇಲೆ ಚಿನ್ನದ ಗಾತ್ರವನ್ನು ಒಂದೊಂದಾಗಿ ಬದಲಿಸಿ ನೋಡಿದರು. ಸುಮಾರು 3 ನ್ಯಾನೋಮೀಟರಿನಲ್ಲಿ, ಎರಡು ಪರಮಾಣು ಪದರದಷ್ಟು ದಪ್ಪ ಇದ್ದಾಗ ಕೆಲಸ ಅತಿ ಜಾಸ್ತಿ. ಅದಕ್ಕಿಂತ ದೊಡ್ಡದಾದರೂ ಇಳಿಯುತ್ತದೆ, ಚಿಕ್ಕದಾದರೂ ಇಳಿಯುತ್ತದೆ. "ಚಿಕ್ಕದಾದಷ್ಟೂ ಒಳ್ಳೇದು" ಅನ್ನುವುದಕ್ಕೆ ಆ ಗ್ರಾಫಿನ ಎಡಬದಿ ನೇರ ಉತ್ತರ. ಮೇಡಂ, ಆ ಗ್ರಾಫನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿ.

ಬೆಳಗಿನ_ಚಹಾ

ಎರಡು ಪದರ ಯಾಕೆ ಅಷ್ಟು ಮುಖ್ಯ? ಚಿನ್ನದಲ್ಲೇ ಏನಾದರೂ ಬದಲಾಗುತ್ತಾ, ಅಥವಾ ಕೆಳಗಿರುವ ಆಕ್ಸೈಡ್‌ನ ಕೈವಾಡವಾ?

ಗಾಜಿನ_ನಳಿಕೆ

ಎರಡೂ ಇವೆ. ಯಾವುದಕ್ಕೆ ಎಷ್ಟು ಪಾಲು ಅನ್ನುವುದರ ಮೇಲೆ ದಶಕಗಳ ಕಾಲ ವಾದ ನಡೆದಿದೆ. ಚಿನ್ನ ತೆಳುವಾದಾಗ ಅದರ ಎಲೆಕ್ಟ್ರಾನ್‌ಗಳ ಶಕ್ತಿಯ ಹಂಚಿಕೆ ಗಟ್ಟಿ ಚಿನ್ನದ ಹಾಗೆ ಇರುವುದಿಲ್ಲ, ಇದು ಗುಡ್‌ಮನ್ ತಂಡ ಒತ್ತಿ ಹೇಳಿದ ಕಾರಣ. ಮೂಲೆ ಪರಮಾಣುಗಳು ಹೆಚ್ಚುತ್ತವೆ ಅನ್ನುವುದು ಇನ್ನೊಂದು. ಮೂರನೆಯದು, ಚಿನ್ನ ಮತ್ತು ಆಕ್ಸೈಡ್ ಸೇರುವ ಗಡಿರೇಖೆ. ಕಾರ್ಬನ್ ಮಾನಾಕ್ಸೈಡ್ ಚಿನ್ನದ ಮೇಲೆ ಕೂರುತ್ತದೆ, ಆಕ್ಸಿಜನ್ ಬರುವುದು ಗಡಿಯಲ್ಲಿ ಅಥವಾ ಆಕ್ಸೈಡ್‌ನಿಂದಲೇ. ನನಗೆ ಈ ಮೂರನೆಯದೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಅದೇ ಗಾತ್ರದ ಚಿನ್ನವನ್ನು ಟೈಟಾನಿಯಂ ಅಥವಾ ಕಬ್ಬಿಣದ ಆಕ್ಸೈಡ್ ಮೇಲೆ ಕೂರಿಸಿದರೆ ಚುರುಕು, ಸಿಲಿಕಾ (ಸಿಲಿಕಾನ್ ಆಕ್ಸೈಡ್) ಮೇಲೆ ಕೂರಿಸಿದರೆ ಮಂದ. ಆಕ್ಸಿಜನ್ ಕೊಟ್ಟು ತೆಗೆದುಕೊಳ್ಳುವ ಗುಣ ಸಿಲಿಕಾಕ್ಕೆ ಇಲ್ಲ.

ಕಡಲತಡಿ

ಊರು ಕುಂದಾಪುರ, ಕೆಲಸ ಜರ್ಮನಿಯಲ್ಲಿ, ವಾಹನಗಳ ಹೊಗೆ ಶುದ್ಧಿ ಮಾಡುವ ವೇಗವರ್ಧಕಗಳ ಮೇಲೆ. ಈ ಚರ್ಚೆಗೆ ಸೇರದೆ ಇರಲು ಆಗಲಿಲ್ಲ.

ಪೆಟ್ರೋಲ್ ಕಾರಿನ ಕನ್ವರ್ಟರ್ ಒಂದೇ ಡಬ್ಬಿ. ಆದರೆ ಅದರೊಳಗೆ ಮೂರು ಕೆಲಸ ಒಟ್ಟಿಗೆ ನಡೆಯಬೇಕು. ಕಾರ್ಬನ್ ಮಾನಾಕ್ಸೈಡ್ ಉರಿಯಬೇಕು. ಉರಿಯದೆ ಉಳಿದ ಪೆಟ್ರೋಲ್ ಆವಿ ಉರಿಯಬೇಕು. ನೈಟ್ರೋಜನ್ ಆಕ್ಸೈಡ್‌ಗಳು ಒಡೆದು ನೈಟ್ರೋಜನ್ ಆಗಬೇಕು. ಮೊದಲೆರಡಕ್ಕೆ ಪ್ಲಾಟಿನಂ, ಪಲ್ಲೇಡಿಯಂ. ಮೂರನೆಯದಕ್ಕೆ ರೋಡಿಯಂ. ಈ ಮೂರು ಕೆಲಸಕ್ಕೂ ಒಂದೇ ಗಾತ್ರ ಹಿಡಿಸುವುದಿಲ್ಲ. ನಮ್ಮ ತಲೆನೋವು ಶುರುವಾಗುವುದೇ ಇಲ್ಲಿ.

ಕಾರ್ಬನ್ ಮಾನಾಕ್ಸೈಡ್ ವಿಷಯ ನೋಡಿ. ತಣ್ಣಗಿರುವ ಪ್ಲಾಟಿನಂ ಮೇಲೆ ಅದು ಒತ್ತೊತ್ತಾಗಿ ಕೂತುಬಿಡುತ್ತದೆ. ಆಕ್ಸಿಜನ್ ಒಡೆದು ಕೂರಲು ಪಕ್ಕಪಕ್ಕದಲ್ಲಿ ಎರಡು ಖಾಲಿ ಜಾಗ ಬೇಕು, ಅದು ಸಿಗುವುದಿಲ್ಲ. ಶಾಖ ಏರಿ ಒಂದಷ್ಟು ಮಾನಾಕ್ಸೈಡ್ ಎದ್ದು ಹೋದ ಮೇಲೆ ಕೆಲಸ ದಿಢೀರನೆ ಶುರುವಾಗುತ್ತದೆ. ಇದಕ್ಕೆ ನಾವು ಲೈಟ್ ಆಫ್ ಅನ್ನುತ್ತೇವೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಹೊಗೆ ಅಷ್ಟು ಕೆಟ್ಟದಾಗಿರುವುದು ಇದಕ್ಕೇ. ಪ್ಲಾಟಿನಂ ಮೇಲೆ ಈ ಕ್ರಿಯೆ ಹೇಗೆ ನಡೆಯುತ್ತದೆ ಅಂತ ಬಿಡಿಸಿ ತೋರಿಸಿದವರಲ್ಲಿ ಗೆರ್‌ಹಾರ್ಡ್ ಎರ್ಟ್ಲ್ ಮುಖ್ಯರು. 2007ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂದಿತು. ಹೀಗೆ ಮಾನಾಕ್ಸೈಡ್ ತುಂಬಿ ಮುಚ್ಚಿಕೊಂಡ ಸ್ಥಿತಿಯಲ್ಲಿ ಪ್ಲಾಟಿನಂ ಗಾತ್ರ ಬದಲಾದರೂ ಟರ್ನೋವರ್ ಹೆಚ್ಚು ಬದಲಾಗುವುದಿಲ್ಲ. ಆಗ ಚಿಕ್ಕ ಕಣ ಮಾಡಿದ್ದಕ್ಕೆ ಮೇಲ್ಮೈಯ ಲಾಭ ಪೂರ್ತಿ ಸಿಗುತ್ತದೆ.

ರೋಡಿಯಂ ಮೇಲೆ ನೈಟ್ರಿಕ್ ಆಕ್ಸೈಡ್ ಕಥೆ ಬೇರೆ. ಅಲ್ಲಿ ನೈಟ್ರೋಜನ್ ಮತ್ತು ಆಕ್ಸಿಜನ್ ನಡುವಿನ ಬಂಧ ಮುರಿಯಬೇಕು. ಮುರಿದ ಎರಡು ತುಂಡಿಗೂ ಜಾಗ ಬೇಕು. ಆಮೇಲೆ ಎರಡು ನೈಟ್ರೋಜನ್ ಪರಮಾಣುಗಳು ಹತ್ತಿರ ಬಂದು ಸೇರಬೇಕು. ಇದಕ್ಕೆ ಪಕ್ಕಪಕ್ಕದ ಹಲವು ಲೋಹ ಪರಮಾಣುಗಳು ಬೇಕು. ಒಂದು ಪದರ ಮುಗಿದು ಇನ್ನೊಂದು ಶುರುವಾಗುವ ಮೆಟ್ಟಿಲಿನಂಥ ಜಾಗ ಇದ್ದರೆ ಬಂಧ ಸುಲಭವಾಗಿ ಮುರಿಯುತ್ತದೆ. ತೀರಾ ಚಿಕ್ಕ ಕಣದಲ್ಲಿ ಅಂಥ ಜಾಗ ಇರಲು ಅವಕಾಶವೇ ಇಲ್ಲ. ಕಾರ್ಬನ್ ಮಾನಾಕ್ಸೈಡ್ ಮತ್ತು ನೈಟ್ರಿಕ್ ಆಕ್ಸೈಡ್ ಸೇರುವ ಕ್ರಿಯೆಯಲ್ಲಿ ದೊಡ್ಡ ರೋಡಿಯಂ ಕಣದ ಮೇಲಿನ ಪ್ರತಿ ಪರಮಾಣು ಚಿಕ್ಕ ಕಣದ ಪರಮಾಣುವಿಗಿಂತ ಜಾಸ್ತಿ ಕೆಲಸ ಮಾಡುತ್ತದೆ ಅಂತ 1990ರ ಆಸುಪಾಸಿನಲ್ಲೇ ಅಳೆದು ತೋರಿಸಿದ್ದಾರೆ. ಅದೇ ರೋಡಿಯಂ ಮೇಲೆ, ಮಾನಾಕ್ಸೈಡ್ ಮತ್ತು ಆಕ್ಸಿಜನ್ ಸೇರುವುದಕ್ಕೆ ಗಾತ್ರದ ಹಂಗಿಲ್ಲ. ಅದೇ ಲೋಹ, ಅದೇ ಕಣ. ಅನಿಲ ಬದಲಾದರೆ ಉತ್ತರ ಬದಲಾಯಿತು.

ಡೀಸೆಲ್‌ನಲ್ಲೂ ಇಂಥದ್ದೇ ಒಂದಿದೆ. ಪ್ಲಾಟಿನಂ ಮೇಲೆ ನೈಟ್ರಿಕ್ ಆಕ್ಸೈಡನ್ನು ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತೇವೆ. ಅದು ಮುಂದಿನ ಫಿಲ್ಟರಿನಲ್ಲಿ ಕೂತ ಮಸಿಯನ್ನು ಕಡಿಮೆ ಶಾಖದಲ್ಲಿ ಸುಡುತ್ತದೆ. ಈ ಕೆಲಸಕ್ಕೆ ಪರಮಾಣುವಿನ ಲೆಕ್ಕದಲ್ಲಿ ದೊಡ್ಡ ಕಣವೇ ಮೇಲು. ಚಿಕ್ಕ ಪ್ಲಾಟಿನಂ ಕಣ ಆಕ್ಸಿಜನ್‌ಗೆ ಬೇಗ ಸಿಕ್ಕಿ ತಾನೇ ಆಕ್ಸೈಡ್ ಆಗುತ್ತದೆ, ಚುರುಕು ಕಳೆದುಕೊಳ್ಳುತ್ತದೆ.

ಗ್ಯಾರೇಜು_ಹುಬ್ಬಳ್ಳಿ

ನಮಸ್ಕಾರ ರೀ ಎಲ್ಲರಿಗೂ. ನಾನು ಗಾಡಿ ರಿಪೇರಿ ಮಾಡುವವನು, ನ್ಯಾನೋ ಲೆಕ್ಕ ನನ್ನ ಕೆಲಸ ಅಲ್ಲ, ಆದರೆ ಕೇಳಲೇಬೇಕಾದ ಒಂದು ವಿಷಯ ಇದೆ. ಗಿರಾಕಿಗಳು ಪೊಲ್ಯೂಷನ್ ಟೆಸ್ಟಿನಲ್ಲಿ ಫೇಲ್ ಆಗಿ ಬರುತ್ತಾರೆ. ಕನ್ವರ್ಟರ್ ಬಿಚ್ಚಿ ನೋಡಿದರೆ ಜೇನುಗೂಡಿನಂಥ ಸೆರಾಮಿಕ್ ಒಡೆದಿಲ್ಲ, ಕಟ್ಟಿಕೊಂಡಿಲ್ಲ, ನೋಡಲು ಹೊಸದರ ಹಾಗೇ ಇದೆ. ಪ್ಲಾಟಿನಂ ಎಲ್ಲೂ ಉದುರಿ ಹೋಗಿಲ್ಲ. ಆದರೂ ಸತ್ತಿದೆ. ಯಾಕೆ ಸರ? ಮತ್ತೆ ವಿಡಿಯೋಗಳಲ್ಲಿ ಆಸಿಡ್ ನೀರಿನಲ್ಲಿ ಅದ್ದಿ ತೊಳೆದರೆ ಹೊಸದಾಗುತ್ತದೆ ಅಂತ ತೋರಿಸುತ್ತಾರೆ. ನಿಜಾನಾ?

ಕಡಲತಡಿ

ಅಣ್ಣಾ, ನೀವು ಕೇಳಿದ್ದು ಈ ಚರ್ಚೆಯ ಹೂರಣ. ಕನ್ವರ್ಟರ್ ಸತ್ತಾಗ ಬಹಳ ಸಲ ಪ್ಲಾಟಿನಂ ಅಲ್ಲೇ ಇರುತ್ತದೆ. ಆದರೆ ಒಂದಕ್ಕೊಂದು ಸೇರಿ ದೊಡ್ಡ ಕಣ ಆಗಿರುತ್ತದೆ. ಮೇಲೆ ಹೇಳಿದ ಸೈಟು ಕೋಣೆಯಾಗಿಬಿಟ್ಟಿರುತ್ತದೆ. 2.5 ನ್ಯಾನೋಮೀಟರಿನ ಸಾವಿರ ಕಣ ಸೇರಿದರೆ 25 ನ್ಯಾನೋಮೀಟರಿನ ಒಂದು ಕಣ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ಸೇರುವುದು ಎರಡು ರೀತಿ. ಇಡೀ ಕಣವೇ ಜರುಗುತ್ತಾ ಹೋಗಿ ಪಕ್ಕದ್ದಕ್ಕೆ ಅಂಟಿಕೊಳ್ಳಬಹುದು. ಅಥವಾ ಚಿಕ್ಕ ಕಣದಿಂದ ಒಂದೊಂದೇ ಪರಮಾಣು ಬಿಟ್ಟು ಹೋಗಿ ದೊಡ್ಡ ಕಣಕ್ಕೆ ಸೇರಬಹುದು. ಎರಡನೆಯದರಲ್ಲಿ ಚಿಕ್ಕವು ಕರಗುತ್ತಾ ಹೋಗುತ್ತವೆ, ದೊಡ್ಡವು ಬೆಳೆಯುತ್ತಾ ಹೋಗುತ್ತವೆ. ಪ್ಲಾಟಿನಂ ಕರಗುವುದು 1768 ಡಿಗ್ರಿಯಲ್ಲಿ. ಆದರೆ ಪರಮಾಣುಗಳು ಓಡಾಡಲು ಅಷ್ಟು ಶಾಖ ಬೇಕಾಗಿಲ್ಲ. ಆಕ್ಸಿಜನ್ ಜಾಸ್ತಿ ಇರುವ ಹೊಗೆಯಲ್ಲಿ 800 ಡಿಗ್ರಿ ಮುಟ್ಟಿದರೆ ಪ್ಲಾಟಿನಂ ಆಕ್ಸೈಡ್ ಆವಿಯಾಗಿ ಎದ್ದು ಬೇರೆ ಕಡೆ ಹೋಗಿ ಕೂರುತ್ತದೆ.

ಗ್ಯಾರೇಜಿನಲ್ಲಿ ನೀವು ಗಮನಿಸಬೇಕಾದ್ದು ಮಿಸ್‌ಫೈರ್. ಪ್ಲಗ್ಗು ಅಥವಾ ಕಾಯಿಲ್ ಹಾಳಾಗಿ ಒಂದು ಸಿಲಿಂಡರ್ ಉರಿಯದಿದ್ದರೆ ಆ ಪೆಟ್ರೋಲ್ ನೇರವಾಗಿ ಕನ್ವರ್ಟರಿಗೆ ಬಂದು ಅಲ್ಲಿ ಉರಿಯುತ್ತದೆ. ಒಳಗಿನ ಶಾಖ 1000 ಡಿಗ್ರಿ ದಾಟಬಹುದು. ಹಾಗೇ ಓಡಿಸಿದರೆ ವರ್ಷಗಟ್ಟಲೆ ಆಗಬೇಕಾದ ಸವೆತ ಬೇಗನೆ ಆಗಿಹೋಗುತ್ತದೆ. ಆದ್ದರಿಂದ ಗಿರಾಕಿ "ಗಾಡಿ ಸ್ವಲ್ಪ ಜರ್ಕ್ ಹೊಡೀತಿದೆ, ಆಮೇಲೆ ನೋಡೋಣ" ಅಂದರೆ ಬಿಡಬೇಡಿ. ಸತ್ತ ಕನ್ವರ್ಟರ್ ಬದಲಿಸುವ ಮೊದಲು ಅದು ಸತ್ತ ಕಾರಣ ಹುಡುಕಿ. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ತೊಳೆಯುವ ವಿಷಯ. ಮಸಿ, ಮೇಲೆ ಕೂತ ಕೊಳೆ ಒಂದಷ್ಟು ಹೋಗಬಹುದು. ಆದರೆ ಒಂದಾಗಿ ಬೆಳೆದ ಕಣ ಆಸಿಡ್ ನೀರಿನಲ್ಲಿ ಮತ್ತೆ ಸಾವಿರ ಚಿಕ್ಕ ಕಣ ಆಗುವುದಿಲ್ಲ. ಪೆಟ್ರೋಲ್ ರಿಫೈನರಿಗಳಲ್ಲಿ ಪ್ಲಾಟಿನಂ ವೇಗವರ್ಧಕವನ್ನು ಆಕ್ಸಿಜನ್ ಮತ್ತು ಕ್ಲೋರಿನ್ ಸಂಯುಕ್ತ ಕೊಟ್ಟು ಬಿಸಿ ಮಾಡಿ ಮತ್ತೆ ಹರಡುತ್ತಾರೆ, ಅದು ನಿಜ. ಅದು ಕಾರ್ಖಾನೆಯ ಕೆಲಸ, ಗ್ಯಾರೇಜಿನಲ್ಲಿ ಮಾಡುವಂಥದ್ದಲ್ಲ. ದಯವಿಟ್ಟು ಕ್ಲೋರಿನ್ ತಂಟೆಗೆ ಹೋಗಬೇಡಿ. ಇನ್ನೊಂದು ವಿನಂತಿ. ಸತ್ತಿದೆ ಅಂತ ಒಳಗಿನದನ್ನು ಕುಟ್ಟಿ ತೆಗೆದು ಖಾಲಿ ಡಬ್ಬಿ ಕೂರಿಸುವವರಿದ್ದಾರೆ. ಹಾಗೆ ಮಾಡಬೇಡಿ. ಆ ಧೂಳು ನಿಮ್ಮ ಶ್ವಾಸಕೋಶಕ್ಕೆ ಕೆಟ್ಟದ್ದು, ಆ ಗಾಡಿಯ ಹೊಗೆ ಊರಿಗೆಲ್ಲ ಕೆಟ್ಟದ್ದು.

ಗ್ಯಾರೇಜು_ಹುಬ್ಬಳ್ಳಿ

ಮಿಸ್‌ಫೈರ್ ಮಾತು ನೂರಕ್ಕೆ ನೂರು ನಿಜ ಸರ. ಸತ್ತ ಕನ್ವರ್ಟರ್ ಜೊತೆ ಬರುವ ಗಾಡಿಗಳಲ್ಲಿ ಹಳೇ ಪ್ಲಗ್ಗು ಇದ್ದೇ ಇರುತ್ತದೆ. ಇನ್ನು ಮೇಲೆ ಗಿರಾಕಿಗಳಿಗೆ ಕಾರಣ ಬಿಡಿಸಿ ಹೇಳುತ್ತೇನೆ.

ಗಾಜಿನ_ನಳಿಕೆ

ಗಾತ್ರ ಬದಲಾಗದೆಯೂ ಕನ್ವರ್ಟರ್ ಸಾಯಬಹುದು ಅನ್ನುವುದನ್ನು ಇಲ್ಲಿ ಸೇರಿಸುತ್ತೇನೆ. ಸೀಸ ಪ್ಲಾಟಿನಂಗೆ ವಿಷ. ಅದಕ್ಕೇ ನಮ್ಮಲ್ಲಿ 1995ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯ ಮಾಡಿದಾಗ ಸೀಸ ಇಲ್ಲದ ಪೆಟ್ರೋಲನ್ನೂ ಜೊತೆಗೇ ತರಬೇಕಾಯಿತು. ಗಂಧಕವೂ ಕಾಟ ಕೊಡುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಾಗ ಇಂಧನದ ಗಂಧಕವನ್ನು ಹತ್ತು ಲಕ್ಷದಲ್ಲಿ 50 ಪಾಲಿನಿಂದ 10ಕ್ಕೆ ಇಳಿಸಿದ್ದು ಇದಕ್ಕೂ ಸೇರಿ. ಎಂಜಿನ್ ಆಯಿಲ್ ಸುಡುವ ಗಾಡಿಯಾದರೆ ಅದರ ರಂಜಕ, ಸತು ಹೋಗಿ ಕಣಗಳ ಮೇಲೆ ಕೂರುತ್ತವೆ.

ಕೆಮಿಸ್ಟ್ರಿಮೇಡಂ_ಹಾಸನ

ಎಲ್ಲರಿಗೂ ಧನ್ಯವಾದ. ಇಷ್ಟನ್ನು ನಾಳೆಯೇ ಕ್ಲಾಸಿನಲ್ಲಿ ಹೇಳಬಲ್ಲೆ. ಆದರೆ ಹುಡುಗಿಯ ಪ್ರಶ್ನೆಗೆ ನೇರ ಉತ್ತರ ಇನ್ನೂ ಬಂದಿಲ್ಲ. ಒಂದೇ ಒಂದು ಪರಮಾಣು ಆದರೆ?

ತುಂಗಾತೀರ

ಅದನ್ನೂ ಮಾಡಿ ನೋಡಿದ್ದಾರೆ ಮೇಡಂ. 2011ರಲ್ಲಿ ಚೀನಾದ ದಾಲಿಯನ್‌ನಲ್ಲಿ ತಾವ್ ಜಾಂಗ್ ಅವರ ತಂಡ ಕಬ್ಬಿಣದ ಆಕ್ಸೈಡ್ ಮೇಲೆ ಬಿಡಿ ಬಿಡಿ ಪ್ಲಾಟಿನಂ ಪರಮಾಣುಗಳನ್ನು ಕೂರಿಸಿ ಕಾರ್ಬನ್ ಮಾನಾಕ್ಸೈಡ್ ಸುಟ್ಟು ತೋರಿಸಿತು. ಆಮೇಲೆ ಇದೇ ಒಂದು ದೊಡ್ಡ ಕ್ಷೇತ್ರ ಆಯಿತು.

ಗಾಜಿನ_ನಳಿಕೆ

ನಿಮ್ಮ ವಿದ್ಯಾರ್ಥಿನಿಗೆ ಹೀಗೆ ಹೇಳಬಹುದು. ಒಂಟಿ ಪರಮಾಣು ಬರಿಯ ಲೋಹವಾಗಿ ಉಳಿಯುವುದಿಲ್ಲ. ಅದು ಕೆಳಗಿನ ಆಕ್ಸೈಡ್‌ನ ಆಕ್ಸಿಜನ್‌ಗಳಿಗೆ ಕಟ್ಟಿಕೊಂಡು ಅಯಾನಿನ (ವಿದ್ಯುದಂಶ ಇರುವ ಪರಮಾಣು) ಹಾಗೆ ಇರುತ್ತದೆ. ಅಂದರೆ ಗಾತ್ರದ ಜೊತೆ ವಸ್ತುವೇ ಬದಲಾದ ಹಾಗೆ. ಕಾರ್ಬನ್ ಮಾನಾಕ್ಸೈಡ್‌ನಂಥ ಪುಟ್ಟ ಅಣುವಿಗೆ, ಆಕ್ಸಿಜನ್ ಕೊಡುವ ಆಕ್ಸೈಡ್ ಜೊತೆಗಿದ್ದರೆ, ಅದು ಕೆಲಸ ಮಾಡಬಲ್ಲದು. ಪ್ರೊಪೇನ್, ಪ್ರೊಪೀನ್‌ನಂಥ ಹೈಡ್ರೋಕಾರ್ಬನ್ ಬಂದರೆ ಪಕ್ಕಪಕ್ಕದ ಹಲವು ಪರಮಾಣುಗಳು ಬೇಕು, ಒಂಟಿಗೆ ಕಷ್ಟ. ನೈಟ್ರಿಕ್ ಆಕ್ಸೈಡ್ ಒಡೆಯುವ ವಿಷಯ ಕಡಲತಡಿ ಆಗಲೇ ಹೇಳಿದ್ದಾರೆ. ಹೊಗೆಯಲ್ಲಿ ಇವೆಲ್ಲ ಒಟ್ಟಿಗೇ ಬರುತ್ತವೆ. ಹಾಗಾಗಿ ಕಾರಿಗೆ ಒಂಟಿ ಪರಮಾಣುಗಳೇ ಸಾಕಾಗುವುದಿಲ್ಲ.

ಇದರಲ್ಲಿ ನಮ್ಮವರ ಪಾಲು ಇರುವುದನ್ನು ಮಕ್ಕಳಿಗೆ ಖಂಡಿತ ಹೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗಡೆ, ಗಿರಿಧರ್ ಮದ್ರಾಸ್, ಕೆ. ಸಿ. ಪಾಟೀಲ್ ಅವರು ಕಣದ ದಾರಿಯನ್ನೇ ಬಿಟ್ಟು ಬೇರೆ ದಾರಿ ಹಿಡಿದರು. ಪ್ಲಾಟಿನಂ, ಪಲ್ಲೇಡಿಯಂ ಅಯಾನುಗಳನ್ನು ಸೀರಿಯಂ ಆಕ್ಸೈಡ್‌ನ ಹರಳಿನೊಳಗೇ, ಸೀರಿಯಂ ಇರಬೇಕಾದ ಜಾಗದಲ್ಲಿ ನೂರಕ್ಕೆ ಒಂದೆರಡರಂತೆ ಕೂರಿಸಿದರು. ಕಣವೇ ಇಲ್ಲದ ಮೇಲೆ ಕಣ ಸೇರಿ ಬೆಳೆಯುವ ಪ್ರಶ್ನೆ ಹಿಂದೆ ಸರಿಯುತ್ತದೆ. ಮಾನಾಕ್ಸೈಡ್ ಸುಡಲು, ನೈಟ್ರಿಕ್ ಆಕ್ಸೈಡ್ ಒಡೆಯಲು ಈ ಅಯಾನುಗಳು ಅದೇ ಲೋಹದ ಕಣಗಳಿಗಿಂತ ಚುರುಕು ಅಂತ ತೋರಿಸಿದರು. ಮಾಡುವ ವಿಧಾನವೂ ಸೊಗಸು. ಲೋಹದ ನೈಟ್ರೇಟ್ ದ್ರಾವಣಕ್ಕೆ ಇಂಧನ ಬೆರೆಸಿ ಬಿಸಿ ಕುಲುಮೆಗೆ ಇಟ್ಟರೆ ನೀರು ಆರಿ ತಾನೇ ಹೊತ್ತಿಕೊಂಡು ಕೆಲವೇ ನಿಮಿಷದಲ್ಲಿ ಪುಡಿ ತಯಾರು. ಈ ದಹನ ವಿಧಾನವನ್ನು ಬೆಳೆಸಿದವರಲ್ಲಿ ಪಾಟೀಲರ ಹೆಸರು ಮೊದಲು ಬರುತ್ತದೆ.

ಕಡಲತಡಿ

ಸೀರಿಯಂ ಆಕ್ಸೈಡ್ ಮಾತು ಬಂದಿದ್ದಕ್ಕೆ ಇನ್ನೊಂದು. 2016ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಅಭಯ ದಾತ್ಯೆ ಅವರ ಗುಂಪು ಮತ್ತು ಜೊತೆಗಾರರು ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಮೇಲಿನ ಪ್ಲಾಟಿನಂ ಜೊತೆ ಸೀರಿಯಂ ಆಕ್ಸೈಡ್ ಪುಡಿ ಬೆರೆಸಿ ಗಾಳಿಯಲ್ಲಿ 800 ಡಿಗ್ರಿ ಕಾಯಿಸಿದರು. ಆವಿಯಾಗಿ ಎದ್ದ ಪ್ಲಾಟಿನಂ ಸೀರಿಯಂ ಆಕ್ಸೈಡ್ ಮೇಲೆ ಬಿಡಿ ಪರಮಾಣುಗಳಾಗಿ ಸಿಕ್ಕಿಕೊಂಡು ನಿಂತಿತು. ಕಣ ಬೆಳೆಸುತ್ತಿದ್ದ ಅದೇ ಶಾಖ ಇಲ್ಲಿ ಅದನ್ನು ಹರಡಿತು! ನನಗೆ ಈ ಕ್ಷೇತ್ರದಲ್ಲಿ ಅತಿ ಇಷ್ಟವಾದ ಪ್ರಯೋಗ ಇದು. ಜಪಾನಿನಲ್ಲಿ ದೈಹಾಟ್ಸು ಕಂಪನಿಯವರು 2002ರಲ್ಲಿ ಇನ್ನೊಂದು ಉಪಾಯ ತೋರಿಸಿದ್ದರು. ಹೊಗೆಯಲ್ಲಿ ಆಕ್ಸಿಜನ್ ಜಾಸ್ತಿ ಆದಾಗ ಪಲ್ಲೇಡಿಯಂ, ಒಂದು ಬಗೆಯ ಆಕ್ಸೈಡ್ ಆದ ಪೆರೊವ್‌ಸ್ಕೈಟ್ ಹರಳಿನ ಒಳಗೆ ಹೋಗುತ್ತದೆ, ಕಡಿಮೆ ಆದಾಗ ಚಿಕ್ಕ ಕಣವಾಗಿ ಹೊರಗೆ ಬರುತ್ತದೆ. ಒಳಗೆ ಹೊರಗೆ ಓಡಾಡುವುದರಿಂದ ದೊಡ್ಡದಾಗಲು ಬಿಡುವೇ ಸಿಗುವುದಿಲ್ಲ.

ತುಂಗಾತೀರ

ಗಾಜಿನ ನಳಿಕೆ ಅಣ್ಣಾ, ನನ್ನದೊಂದು ಪ್ರಶ್ನೆ. ಪ್ರಾಜೆಕ್ಟಿಗೆ ಪಲ್ಲೇಡಿಯಂ ಕಣ ಮಾಡಿದ್ದೇನೆ. ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ ಎಣಿಸಿದರೆ ಸರಾಸರಿ 2 ನ್ಯಾನೋಮೀಟರ್. ಎಕ್ಸ್‌ಆರ್‌ಡಿಯಲ್ಲಿ (ಹರಳು ಎಕ್ಸ್ ಕಿರಣವನ್ನು ಚದುರಿಸುವ ರೀತಿ ನೋಡುವ ವಿಧಾನ) ಲೆಕ್ಕ ಹಾಕಿದರೆ 15ರ ಮೇಲೆ ಬರುತ್ತದೆ. ಯಾವುದನ್ನು ನಂಬಲಿ?

ಗಾಜಿನ_ನಳಿಕೆ

ಎರಡನ್ನೂ ನಂಬಬಹುದು. ಎರಡೂ ಬೇರೆ ಬೇರೆ ವಿಷಯ ಹೇಳುತ್ತಿವೆ. 20 ನ್ಯಾನೋಮೀಟರಿನ ಒಂದೇ ಒಂದು ಕಣದಲ್ಲಿ 2 ನ್ಯಾನೋಮೀಟರಿನ ಸಾವಿರ ಕಣಗಳಷ್ಟು ಲೋಹ ಇದೆ. ಟಿಇಎಂನಲ್ಲಿ ನೀವು ತಲೆ ಎಣಿಸುತ್ತೀರಿ, ಅಲ್ಲಿ ಒಂದು ದೊಡ್ಡ ಕಣ ಸರಾಸರಿಯನ್ನು ಅಲುಗಾಡಿಸುವುದಿಲ್ಲ. ಎಕ್ಸ್‌ಆರ್‌ಡಿ ಲೋಹದ ಪ್ರಮಾಣಕ್ಕೆ ತಕ್ಕಂತೆ ನೋಡುತ್ತದೆ, ಎರಡು ನ್ಯಾನೋಮೀಟರಿನವು ಅದಕ್ಕೆ ಕಾಣುವುದೇ ಕಷ್ಟ. ಹಾಗಾದರೆ ನಿಮ್ಮ ಪಲ್ಲೇಡಿಯಂ ದೊಡ್ಡ ಪಾಲು ಕೆಲವೇ ದೊಡ್ಡ ಕಣಗಳಲ್ಲಿ ಕೂತಿರಬಹುದು. ಕಾರ್ಬನ್ ಮಾನಾಕ್ಸೈಡ್ ಹೀರಿಸಿ ಎಷ್ಟು ಪರಮಾಣು ಮೇಲ್ಮೈಯಲ್ಲಿವೆ ಅಂತ ಅಳೆಯಿರಿ. ಟರ್ನೋವರ್‌ಗೆ ಬೇಕಾಗಿರುವುದು ಆ ಸಂಖ್ಯೆಯೇ. ಟಿಇಎಂನಲ್ಲಿ ಚೆಂದ ಕಂಡ ಒಂದೇ ಮೂಲೆಯ ಚಿತ್ರ ಹಾಕಿ ಗಾತ್ರ ಹೇಳಿಬಿಡುವ ಅಭ್ಯಾಸ ಈ ಕ್ಷೇತ್ರಕ್ಕೆ ತುಂಬಾ ಹಾನಿ ಮಾಡಿದೆ. ನೀವು ಹಾಗೆ ಮಾಡಬೇಡಿ. ಗಾತ್ರಗಳ ಹರಹನ್ನು ಪೂರ್ತಿ ತೋರಿಸಿ.

ಒಂದೇ ಅಳತೆಯ ಕಣ ಮಾಡಲು ಬಂದರೆ ಇನ್ನೂ ಒಂದು ಸೊಗಸಾದ ಪರೀಕ್ಷೆ ಮಾಡಬಹುದು. ಲೋಹ ಅಷ್ಟೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿದರೆ ಒಟ್ಟು ಮೇಲ್ಮೈ ಅರ್ಧಕ್ಕೆ ಇಳಿಯುತ್ತದೆ. ಕೆಳಗಿನ ಆಕ್ಸೈಡ್ ಜೊತೆಗಿನ ಗಡಿರೇಖೆಯ ಒಟ್ಟು ಉದ್ದ ಕಾಲು ಭಾಗಕ್ಕೆ ಇಳಿಯುತ್ತದೆ. ಮೂಲೆಗಳ ಒಟ್ಟು ಸಂಖ್ಯೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈಗ ಗ್ರಾಂಗೆ ವೇಗ ಎಷ್ಟು ಇಳಿಯಿತು ನೋಡಿ. ಕ್ರಿಯೆ ಎಲ್ಲಿ ನಡೆಯುತ್ತಿದೆ ಅನ್ನುವುದರ ಸುಳಿವು ಅದರಲ್ಲೇ ಇದೆ. 2013ರಲ್ಲಿ ಮತ್ತೆಯೋ ಕಾರ್ನೆಲ್ಲೋ ಮತ್ತು ಜೊತೆಗಾರರು ನಿಕಲ್, ಪಲ್ಲೇಡಿಯಂ, ಪ್ಲಾಟಿನಂ ಮೂರಕ್ಕೂ ಹೀಗೇ ಮಾಡಿದರು. ಸೀರಿಯಂ ಆಕ್ಸೈಡ್ ಮೇಲೆ ಮಾನಾಕ್ಸೈಡ್ ಉರಿಯುವುದು ಗಡಿಯಲ್ಲಿ ಅಂತ ತೋರಿಸಿದರು. ಅಲ್ಯುಮಿನಾ ಮೇಲೆ ಆ ಗಡಿಯ ಲಾಭ ಕಾಣಲಿಲ್ಲ.

ಕೆಮಿಸ್ಟ್ರಿಮೇಡಂ_ಹಾಸನ

ಅರ್ಧ, ಕಾಲು, ಎಂಟರಲ್ಲೊಂದು! ಇದನ್ನು ಮಕ್ಕಳು ತಕ್ಷಣ ಹಿಡಿಯುತ್ತಾರೆ. ಮೇಲ್ಮೈ ಅನ್ನುವ ಒಂದೇ ಪದದಲ್ಲಿ ನಾವು ಮೂರು ಬೇರೆ ಜಾಗಗಳನ್ನು ಮುಚ್ಚಿಡುತ್ತಿದ್ದೆವು ಅಂತಾಯಿತು.

ಗ್ಯಾರೇಜು_ಹುಬ್ಬಳ್ಳಿ

ಕೊನೆಗೆ ಒಂದು ಸರ. ಈಗ ಸಿಎನ್‌ಜಿ ಗಾಡಿ ಜಾಸ್ತಿ ಬರುತ್ತಿವೆ. ಗ್ಯಾಸು ಶುದ್ಧ, ಕನ್ವರ್ಟರಿಗೆ ಕೆಲಸ ಕಡಿಮೆ ಅಂತ ಗಿರಾಕಿಗಳು ಹೇಳುತ್ತಾರೆ.

ಕಡಲತಡಿ

ಮಸಿ ಕಡಿಮೆ, ಅದು ನಿಜ ಅಣ್ಣಾ. ಆದರೆ ಸಿಎನ್‌ಜಿ ಅಂದರೆ ಬಹುಪಾಲು ಮೀಥೇನ್. ಹೈಡ್ರೋಕಾರ್ಬನ್‌ಗಳಲ್ಲೆಲ್ಲ ಒಡೆಯಲು ಅತಿ ಕಷ್ಟವಾದದ್ದು ಅದೇ. ಉರಿಯದೆ ಹೊರಗೆ ಹೋದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜೋರು. ಅದಕ್ಕೆ ಪಲ್ಲೇಡಿಯಂ ಬೇಕು, ಅದೂ ಜಾಸ್ತಿ ಬೇಕು, ಶಾಖವೂ ಪೆಟ್ರೋಲ್ ಗಾಡಿಗಿಂತ ಜಾಸ್ತಿ ಬೇಕು. ಹೊಗೆಯಲ್ಲಿರುವ ನೀರಿನ ಆವಿ ಪಲ್ಲೇಡಿಯಂ ಆಕ್ಸೈಡ್ ಮೇಲೆ ಕೂತು ಅಡ್ಡಿ ಮಾಡುತ್ತದೆ, ಗಂಧಕ ಚೂರು ಬಂದರೂ ಸುಸ್ತಾಗುತ್ತದೆ. ಇಲ್ಲಿ ಯಾವ ಗಾತ್ರ ಮೇಲು ಅನ್ನುವುದರಲ್ಲಿ ಪ್ರಬಂಧಗಳು ಒಂದನ್ನೊಂದು ಒಪ್ಪುವುದಿಲ್ಲ. ಒಬ್ಬರು ಒಣ ಗಾಳಿಯಲ್ಲಿ ಅಳೆದಿರುತ್ತಾರೆ, ಇನ್ನೊಬ್ಬರು ನೀರಾವಿ ಬೆರೆಸಿ. ಒಬ್ಬರ ಕಣ ಅಲ್ಯುಮಿನಾ ಮೇಲೆ, ಇನ್ನೊಬ್ಬರದು ಸೀರಿಯಂ ಆಕ್ಸೈಡ್ ಮೇಲೆ. ಹಾಗಾಗಿ ಸಿಎನ್‌ಜಿ ಗಾಡಿಗೆ ಪೆಟ್ರೋಲ್ ಗಾಡಿಯ ಕನ್ವರ್ಟರ್ ಸಿಕ್ಕಿಸಿ ಕಳಿಸಬೇಡಿ. ಒಳಗಿನ ಲೋಹ, ಅದರ ಪ್ರಮಾಣ ಬೇರೆ ಇರುತ್ತದೆ. ಗಾಡಿಗೆ ಹೇಳಿದ ಪಾರ್ಟ್ ನಂಬರ್ ನೋಡಿಯೇ ಹಾಕಿ.